ವಯಸ್ಸಾದ ನಾಯಿಯ ಸ್ವಾಧೀನ ತಪ್ಪಿದ ಕಾಲು: ತೆಗೆಸಬೇಕೇ, ಬಿಡಬೇಕೇ?

ಹತ್ತು ಹನ್ನೊಂದು ವರ್ಷದ ನಾಯಿಯ ಒಂದು ಕಾಲು ಸ್ವಾಧೀನ ತಪ್ಪಿ ನೆಲಕ್ಕೆ ಎಳೆಯತೊಡಗಿತು ಎಂದರೆ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತವೆ. ‘ತೆಗೆಸಿಬಿಡಿ, ಮೂರು ಕಾಲಲ್ಲಿ ಓಡಾಡಿಕೊಂಡಿರುತ್ತೆ’ ಎನ್ನುವವರು ಒಂದು ಕಡೆ. ‘ಈ ವಯಸ್ಸಲ್ಲಿ ಅದಕ್ಕೆ ಯಾಕಪ್ಪಾ ಕೊಯ್ಸೋದು, ಇರೋಷ್ಟು ದಿನ ಹೀಗೇ ಇರಲಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರದ್ದೂ ಪ್ರೀತಿಯ ಮಾತೇ. ಆದರೆ ಇಬ್ಬರೂ ನೋಡುತ್ತಿರುವುದು ಕೆಟ್ಟ ಕಾಲನ್ನು ಮಾತ್ರ. ನಿರ್ಧಾರದ ಅರ್ಧ ಅಲ್ಲಿದೆ, ನಿಜ. ಉಳಿದ ಅರ್ಧ, ನನ್ನ ಪ್ರಕಾರ ದೊಡ್ಡ ಅರ್ಧ, ಇರುವುದು ಇನ್ನು ಮುಂದೆ ಇಡೀ ಮೈಭಾರ ಹೊರಬೇಕಾದ ಮೂರು ಕಾಲುಗಳಲ್ಲಿ. ವೈದ್ಯರ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಿದಾಗ ಆ ಮೂರು ಕಾಲುಗಳ ಬಗ್ಗೆ ಯಾರೂ ಕೇಳುವುದೇ ಇಲ್ಲ ಎನ್ನುವುದು ನನ್ನ ಸಂಕಟ.

ಅದಕ್ಕೂ ಮೊದಲು, ಕಾಲು ಯಾಕೆ ಹೋಯಿತು ಎನ್ನುವುದು ಗೊತ್ತಾಗಬೇಕು. ಕಾರಣ ತಿಳಿಯದೆ ಕಾಲು ತೆಗೆಸಿದರೆ ಕೆಲವು ಕಾಯಿಲೆಗಳಲ್ಲಿ ಪಕ್ಕದ ಕಾಲೂ ಅದೇ ದಾರಿ ಹಿಡಿಯುತ್ತದೆ. ವಯಸ್ಸಾದ ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಡೀಜನರೇಟಿವ್ ಮೈಲೋಪತಿ ಅಂಥದ್ದು. ಬೆನ್ನುಹುರಿ ನಿಧಾನವಾಗಿ ಸವೆಯುತ್ತಾ ಹೋಗುತ್ತದೆ. ಮೊದಲು ಒಂದು ಹಿಂಗಾಲು ಎಡವುತ್ತದೆ, ಉಗುರಿನ ತುದಿ ನೆಲಕ್ಕೆ ಉಜ್ಜಿ ಸವೆಯುತ್ತದೆ. ಕೆಲವು ತಿಂಗಳಲ್ಲಿ ಇನ್ನೊಂದು ಹಿಂಗಾಲೂ ಸೋಲುತ್ತದೆ. ಇಲ್ಲಿ ಕಾಲು ತೆಗೆಸುವುದು ತಪ್ಪು ಚಿಕಿತ್ಸೆ. ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರಿ ಕಾಲು ಸೋತಿರಬಹುದು. ಅಲ್ಲೂ ರೋಗ ಇರುವುದು ಬೆನ್ನಿನಲ್ಲಿ, ಕಾಲಿನಲ್ಲಲ್ಲ.

ಆಡುತ್ತಾ ಓಡುತ್ತಾ ಇದ್ದ ನಾಯಿ ಒಮ್ಮೆ ಚೀರಿ ಕುಸಿದು, ಆಮೇಲೆ ನೋವಿನ ಸುಳಿವೇ ಇಲ್ಲದೆ ಮೈಯ ಒಂದು ಪಕ್ಕದ ಕಾಲುಗಳನ್ನೋ ಹಿಂಗಾಲನ್ನೋ ಎಳೆಯತೊಡಗಿದರೆ, ಡಿಸ್ಕಿನ ಸಣ್ಣ ತುಣುಕೊಂದು ಬೆನ್ನುಹುರಿಯ ರಕ್ತನಾಳಕ್ಕೆ ಅಡ್ಡ ಕೂತಿರುವ ಸಾಧ್ಯತೆ ಇದೆ. ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ಇಂಥ ಬಹಳಷ್ಟು ನಾಯಿಗಳು ವ್ಯಾಯಾಮ, ಆರೈಕೆಯಿಂದ ವಾರಗಳಲ್ಲೇ ಚೇತರಿಸಿಕೊಳ್ಳುತ್ತವೆ. ಅವಸರ ಬೇಡ.

ಇನ್ನು ಅವಸರ ಮಾಡಲೇಬೇಕಾದ ಒಂದು ಸಂದರ್ಭ. ಸೋತ ಕಾಲಿನ ಪಾದ ಮುಟ್ಟಿ ನೋಡಿ. ಬೇರೆ ಪಾದಗಳಿಗಿಂತ ತಣ್ಣಗಿದೆಯೇ? ಉಗುರಿನ ಬುಡ ಬಿಳಚಿಕೊಂಡೋ ನೀಲಿಗಟ್ಟಿಯೋ ಇದೆಯೇ? ಹಾಗಿದ್ದರೆ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ನಾಳೆ ನೋಡೋಣ ಎನ್ನುವಂತಿಲ್ಲ, ಆ ಗಂಟೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಹಾಗೆಯೇ ರೇಬಿಸ್ ಲಸಿಕೆ ಹಾಕಿಸದ ನಾಯಿಗೆ ಇದ್ದಕ್ಕಿದ್ದಂತೆ ಕಾಲು ಸೋತು, ದಿನದಿಂದ ದಿನಕ್ಕೆ ದೌರ್ಬಲ್ಯ ಮೇಲೇರುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ. ರೇಬಿಸ್ ಯಾವಾಗಲೂ ರೊಚ್ಚಿಗೆದ್ದ ನಾಯಿಯ ರೂಪದಲ್ಲೇ ಬರುವುದಿಲ್ಲ, ಮಂಕಾಗಿ ಸೋಲುವ ರೂಪದಲ್ಲೂ ಬರುತ್ತದೆ.

ವಯಸ್ಸಾದ ನಾಯಿಗಳಲ್ಲಿ ವಿಶೇಷವಾಗಿ ನೆನಪಿಡಬೇಕಾದ ಇನ್ನೊಂದು ಕಾರಣ ನರದ ಗಡ್ಡೆ. ಮುಂಗಾಲಿಗೆ ಹೋಗುವ ನರದ ಹೊದಿಕೆಯಲ್ಲಿ ಇದು ಬೆಳೆಯುತ್ತದೆ. ಶುರುವಿನಲ್ಲಿ ಬರೀ ಕುಂಟು. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ನೋವಿನ ಮಾತ್ರೆಗೆ ಬಗ್ಗುವುದಿಲ್ಲ, ವಯಸ್ಸಿನ ಸಂಧಿವಾತ ಎಂದು ತಿಂಗಳುಗಟ್ಟಲೆ ಅದಕ್ಕೇ ಔಷಧಿ ನಡೆಯುತ್ತದೆ. ಅಷ್ಟರಲ್ಲಿ ಭುಜದ ಮಾಂಸ ಕರಗಿ ಹೆಗಲ ಮೂಳೆಯ ಏಣು ಕೈಗೆ ಸಿಗತೊಡಗುತ್ತದೆ. ಕಂಕುಳಿನ ಒಳಗೆ ಬೆರಳಿಟ್ಟು ಒತ್ತಿದರೆ ನಾಯಿ ಚೀರುತ್ತದೆ. ಇಲ್ಲಿ ಕಾಲು ತೆಗೆಯುವುದೇ ಚಿಕಿತ್ಸೆಯ ಮುಖ್ಯ ಭಾಗ. ಆದರೆ ಗಡ್ಡೆ ನರದ ಗುಂಟ ಬೆನ್ನುಹುರಿಯವರೆಗೆ ಹೋಗಿದೆಯೋ ಇಲ್ಲವೋ ಎಂಬುದು ಎಂಆರ್‌ಐ ಮಾಡಿಸದೆ ಗೊತ್ತಾಗುವುದಿಲ್ಲ. ಹೋಗಿದ್ದರೆ ಕಾಲು ತೆಗೆದರೂ ಗಡ್ಡೆ ಉಳಿಯುತ್ತದೆ. ಹಾಗಾಗಿ ಎಂಆರ್‌ಐ ಖರ್ಚು ದೊಡ್ಡದಾದರೂ ಈ ಒಂದು ಕಡೆ ಅದನ್ನು ಉಳಿಸಲು ಹೋಗಬಾರದು ಎಂದೇ ಹೇಳುತ್ತೇನೆ.

ಬೇರುಸಮೇತ ಕಿತ್ತ ನರ

ನಮ್ಮ ರಸ್ತೆಗಳಲ್ಲಿ ಒಂದೇ ಕಾಲು ಪೂರ್ತಿ ಸ್ವಾಧೀನ ತಪ್ಪುವುದಕ್ಕೆ ಎದ್ದು ಕಾಣುವ ಕಾರಣ ವಾಹನದ ಪೆಟ್ಟು. ಮುಂಗಾಲಿಗೆ ಹೋಗುವ ನರಗಳು ಕತ್ತಿನ ಬುಡದಲ್ಲಿ ಮತ್ತು ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಯಿಂದ ನಾಲ್ಕೈದು ಬೇರುಗಳಾಗಿ ಹೊರಟು, ಕಂಕುಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು, ಅಲ್ಲಿಂದ ಕವಲೊಡೆದು ಪಂಜದವರೆಗೆ ಇಳಿಯುತ್ತವೆ. ಈ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಬೈಕೋ ಆಟೋವೋ ಗುದ್ದಿದಾಗ ಕಾಲು ಮೈಯಿಂದ ದೂರಕ್ಕೆ, ಹಿಂದಕ್ಕೆ ಸೆಳೆದುಕೊಂಡರೆ ನರಬೇರುಗಳು ಬೆನ್ನುಹುರಿಯಿಂದಲೇ ಕಿತ್ತು ಬರುತ್ತವೆ, ಗದ್ದೆಯಲ್ಲಿ ಸಸಿಯನ್ನು ಬೇರುಸಮೇತ ಕಿತ್ತ ಹಾಗೆ. ಹೊರಗೆ ಒಂದು ತರಚು ಗಾಯವೂ ಇಲ್ಲದೆ, ಮೂಳೆಯೂ ಮುರಿಯದೆ, ಕಾಲು ಪೂರ್ತಿ ಸತ್ತಂತಾಗುವುದು ಇದರಿಂದಲೇ. ಹಾಗೆ ಕಿತ್ತ ಬೇರು ಮತ್ತೆ ಕೂಡಿಕೊಳ್ಳುವುದಿಲ್ಲ. ಕಿತ್ತು ಬರದೆ ಬರೀ ಜಜ್ಜಿದ್ದರೆ, ಸೆಳೆದಿದ್ದರೆ ಮಾತ್ರ ಚೇತರಿಕೆಯ ಆಸೆ ಉಂಟು.

ಯಾವುದು ಕಿತ್ತಿದೆ, ಯಾವುದು ಜಜ್ಜಿದೆ ಎಂದು ಹೇಳುವುದು ಹೇಗೆ? ತಿಪಟೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಮಣಿ ಎಂಬ ನಾಟಿ ನಾಯಿಯನ್ನು ತೋರಿಸಲು ಹೋದಾಗ ಆ ಪರೀಕ್ಷೆಯನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮಣಿಗೆ ಆಗ ಹತ್ತು ದಾಟಿತ್ತು. ಎಡ ಮುಂಗಾಲು, ಪಂಜ ಮಡಿಚಿಕೊಂಡು ಮೇಲ್ಮೈ ನೆಲಕ್ಕೆ ಉಜ್ಜುತ್ತಿತ್ತು. ವೈದ್ಯರು ಮೊದಲು ಕಾಲನ್ನು ಮುಟ್ಟಲೇ ಇಲ್ಲ, ಕಣ್ಣು ನೋಡಿದರು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು, ಎಡ ರೆಪ್ಪೆ ಸ್ವಲ್ಪ ಜೋತಿತ್ತು. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ನರತಂತುಗಳು ಎದೆಯ ಮೊದಲ ನರಬೇರುಗಳ ಜೊತೆಯಲ್ಲೇ ಬೆನ್ನುಹುರಿಯಿಂದ ಹೊರಡುವುದರಿಂದ, ಆ ಬೇರು ಕಿತ್ತರೆ ಅದೇ ಪಕ್ಕದ ಕಣ್ಣು ಹೀಗಾಗುತ್ತದೆ. 1869ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಕಣ್ಣಿನ ವೈದ್ಯರ ಹೆಸರಿನಲ್ಲಿ ಇದನ್ನು ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಆಮೇಲೆ ಬೆನ್ನಿನ ಚರ್ಮವನ್ನು ಎರಡೂ ಪಕ್ಕ ಚಿವುಟುತ್ತಾ ಮೇಲಕ್ಕೆ ಬಂದರು. ನೊಣ ಕೂತಾಗ ಅದುರುವಂತೆ ಬಲಗಡೆಯ ಚರ್ಮ ಮಾತ್ರ ಅದುರುತ್ತಿತ್ತು. ಯಾವ ಪಕ್ಕ ಚಿವುಟಿದರೂ ಎಡಗಡೆ ನಿಶ್ಚಲ. ಆ ಅದುರುವಿಕೆಯ ನರವೂ ಅದೇ ಹೆಣಿಗೆಯಿಂದ ಹೊರಡುತ್ತದೆ.

ಕೊನೆಗೆ ಬಂದದ್ದು ಪಂಜ. ಚರ್ಮ ಚಿವುಟುವುದಲ್ಲ, ಇಕ್ಕಳದಂಥ ಫೋರ್ಸೆಪ್ಸ್‌ನಿಂದ ಬೆರಳ ಮೂಳೆಗೆ ತಾಗುವಂತೆ ಒತ್ತುವುದು. ಹೊರಬದಿಯ ಬೆರಳು ಒಂದು ನರಕ್ಕೆ ಸೇರಿದ್ದು, ಪಂಜದ ಮೇಲ್ಮೈ ಇನ್ನೊಂದಕ್ಕೆ; ಅದಕ್ಕೇ ಒಂದೇ ಕಡೆ ಒತ್ತಿ ಬಿಡುವುದಿಲ್ಲ. ‘ಅಮ್ಮಾ, ಕಾಲು ನೋಡ್ಬೇಡಿ, ಅವನ ಮುಖ ನೋಡ್ತಿರಿ’ ಅಂದರು ವೈದ್ಯರು ದೊಡ್ಡಮ್ಮನಿಗೆ. ಇದು ಎಲ್ಲರೂ ತಿಳಿದಿರಬೇಕಾದ ಮಾತು. ಬೆನ್ನುಹುರಿಯ ಕೆಲವು ಕಾಯಿಲೆಗಳಲ್ಲಿ ಪಂಜ ಒತ್ತಿದರೆ ಕಾಲು ತಾನಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಅದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿಕ್ರಿಯೆ, ನಾಯಿಗೆ ಗೊತ್ತಾಗಿದೆ ಎಂದು ಅರ್ಥವಲ್ಲ. ನಾಯಿ ತಿರುಗಿ ನೋಡಬೇಕು, ಕುಂಯ್ ಅನ್ನಬೇಕು, ಕಚ್ಚಲು ಬರಬೇಕು, ಕೊನೆಗೆ ಕಣ್ಣಾದರೂ ಅರಳಬೇಕು. ಮಣಿ ಬಾಲ ಅಲ್ಲಾಡಿಸುತ್ತಾ ದೊಡ್ಡಮ್ಮನ ಸೆರಗು ಮೂಸುತ್ತಿತ್ತು. ಕಾಲು ಸೆಳೆದುಕೊಳ್ಳಲೂ ಇಲ್ಲ.

ಮೂಳೆಯ ಆಳದ ನೋವು ಗೊತ್ತಾಗದಿರುವುದು, ಹಾರ್ನರ್ ಲಕ್ಷಣ, ಒಂದು ಪಕ್ಕದ ಚರ್ಮ ಅದುರದಿರುವುದು, ಈ ಮೂರೂ ಒಟ್ಟಿಗೆ ಬಂದರೆ ಬೇರು ಕಿತ್ತಿದೆ ಎನ್ನುವುದಕ್ಕೆ ಬಲವಾದ ಸಾಕ್ಷಿ. ಸೌಲಭ್ಯ ಇರುವ ಕಡೆ ಇಎಂಜಿ ಎಂಬ ಪರೀಕ್ಷೆಯಿಂದ ಸ್ನಾಯುಗಳಲ್ಲಿನ ವಿದ್ಯುತ್ ಚಟುವಟಿಕೆ ಅಳೆದು ಇನ್ನಷ್ಟು ಖಚಿತವಾಗಿ ಹೇಳಬಹುದು. ಪೆಟ್ಟು ಬಿದ್ದ ಮೊದಲ ವಾರದೊಳಗೆ ಮಾಡಿಸಿದರೆ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. ನರ ಕಡಿದ ಸ್ನಾಯು ತನ್ನ ಗುರುತು ತೋರಿಸಲು ಅಷ್ಟು ದಿನ ಬೇಕು.

ಕಾಲು ಉಳಿಸಬಹುದಾದ ಒಂದು ದಾರಿ ಇಲ್ಲೇ ಕವಲೊಡೆಯುತ್ತದೆ. ನಾಯಿ ತನ್ನ ಮೊಣಕೈಯನ್ನು ನೇರ ಮಾಡಿ ನಿಲ್ಲಿಸಬಲ್ಲದೇ ಎಂದು ವೈದ್ಯರನ್ನು ಕೇಳಿ. ಭಾರ ಹೊರುವ ಕೆಲಸಕ್ಕೆ ಅತಿಮುಖ್ಯವಾದ ರೇಡಿಯಲ್ ನರ ಮೊಣಕೈಗಿಂತ ಕೆಳಗೆ ಮಾತ್ರ ಕೆಟ್ಟಿದ್ದು, ಮೇಲಿನ ಟ್ರೈಸೆಪ್ಸ್ ಸ್ನಾಯು ಗಟ್ಟಿ ಇದ್ದರೆ, ಮಡಿಚಿಕೊಳ್ಳುವ ಮಣಿಕಟ್ಟಿಗೆ ಸ್ಪ್ಲಿಂಟ್ ಕಟ್ಟಿ ಅಥವಾ ಶಸ್ತ್ರಚಿಕಿತ್ಸೆಯಿಂದ ಆ ಕೀಲನ್ನು ನೇರವಾಗಿ ಬೆಸೆದು ಕಾಲನ್ನು ಬಳಕೆಗೆ ತರಬಹುದು. ಪಂಜಕ್ಕೆ ಸ್ಪರ್ಶ ಉಳಿದಿರಬೇಕು, ಇಲ್ಲದಿದ್ದರೆ ಗಾಯವಾಗುತ್ತಲೇ ಇರುತ್ತದೆ. ಹಿಂಗಾಲಿನಲ್ಲೂ ಇದೇ ಲೆಕ್ಕ: ಸೊಂಟದ ಮೂಳೆ ಮುರಿದಾಗಲೋ, ತೊಡೆಗೆ ಚುಚ್ಚಿದ ಇಂಜೆಕ್ಷನ್ ತಗುಲಿಯೋ ಸಯಾಟಿಕ್ ನರ ಕೆಟ್ಟಿದ್ದರೂ, ಮಂಡಿ ನೇರ ನಿಲ್ಲಿಸುವ ಫೀಮರಲ್ ನರ ಚೆನ್ನಾಗಿದ್ದರೆ ನಾಯಿ ಆ ಕಾಲಿನ ಮೇಲೆ ಭಾರ ಹಾಕಬಲ್ಲದು. ಪಂಜ ಮಡಿಚದಂತೆ ಒಂದು ಬೂಟು, ಒಂದು ಪಟ್ಟಿ ಸಾಕಾಗಬಹುದು.

ಎಷ್ಟು ದಿನ ಕಾಯುವುದು

ಜಜ್ಜಿದ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತಿಂಗಳಿಗೆ ಮೂರು ಸೆಂಟಿಮೀಟರ್ ಅಂದುಕೊಳ್ಳಿ. ಮಧ್ಯಮ ಗಾತ್ರದ ನಾಯಿಯ ಕಂಕುಳಿನಿಂದ ಪಂಜಕ್ಕೆ 30 ಸೆಂಟಿಮೀಟರ್ ಇದ್ದರೆ ನರ ಅಲ್ಲಿಗೆ ತಲುಪಲು ಹತ್ತು ತಿಂಗಳು ಬೇಕು. ಅಷ್ಟರಲ್ಲಿ ಪಂಜದ ಸ್ನಾಯುಗಳು ಕರಗಿ ನಾರಿನಂತಾಗಿರುತ್ತವೆ. ನರ ತಲುಪಿದರೂ ಕೆಲಸ ಮಾಡಲು ಸ್ನಾಯುವೇ ಉಳಿದಿರುವುದಿಲ್ಲ. ಟ್ರೈಸೆಪ್ಸ್ ಹತ್ತಿರವಿರುವುದರಿಂದ ಅದರಲ್ಲಿ ಚೇತರಿಕೆ ಬರುವುದಾದರೆ ಮೊದಲ ಮೂರು ನಾಲ್ಕು ತಿಂಗಳಲ್ಲಿ ಸುಳಿವು ಸಿಗಬೇಕು. ನಾಲ್ಕರಿಂದ ಆರು ತಿಂಗಳು ಕಾದು ನೋಡಿ ಎಂದು ಸಾಮಾನ್ಯವಾಗಿ ಹೇಳುವುದು ಇದೇ ಕಾರಣಕ್ಕೆ.

ಈ ಅವಧಿ ಎರಡು ವರ್ಷದ ನಾಯಿಗೆ ಸರಿ. ಹನ್ನೆರಡು ವರ್ಷದ ಲ್ಯಾಬ್ರಡಾರ್‌ಗೆ ಆರು ತಿಂಗಳು ಎಂದರೆ ಉಳಿದ ಆಯಸ್ಸಿನ ದೊಡ್ಡ ಪಾಲು. ಆ ಆರು ತಿಂಗಳು ಕತ್ತಿಗೆ ಕೋನ್ ಹಾಕಿಕೊಂಡು, ದಿನಕ್ಕೆರಡು ಸಲ ಬ್ಯಾಂಡೇಜ್ ಬಿಚ್ಚಿಸಿಕೊಂಡು ಕಳೆಯುವುದಾದರೆ, ಕಾಯುವುದೂ ಒಂದು ಶಿಕ್ಷೆಯೇ. ಹಾಗಾಗಿ ವಯಸ್ಸಾದ ನಾಯಿಯಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಳ್ಳಬೇಕು: ಚೇತರಿಕೆಯ ನಿಜವಾದ ಸುಳಿವು ಇದೆಯೇ? ಕಾಯುವ ದಿನಗಳು ಅದಕ್ಕೆ ಒಳ್ಳೆಯ ದಿನಗಳಾಗಿವೆಯೇ? ಮೊದಲನೆಯದಕ್ಕೆ ಹೌದು ಎಂದಾದರೆ ಕಾಯಿರಿ. ಎರಡಕ್ಕೂ ಇಲ್ಲ ಎಂದಾದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಕಾಗಿಲ್ಲ.

ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎನ್ನುವ ನಾಯಿಗಳೂ ಇವೆ. ಕಾಲನ್ನು ಎತ್ತಿ ಹಿಡಿದುಕೊಂಡಿರುತ್ತದೆ, ನೆಲಕ್ಕೆ ಎಳೆಯುವುದಿಲ್ಲ, ಕಚ್ಚುವುದಿಲ್ಲ, ಗಾಯವಿಲ್ಲ, ಅಂಗಳದಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿರುತ್ತದೆ. ಅಂಥ ನಾಯಿಯ ಕಾಲನ್ನು ತೆಗೆಸಬೇಕಾಗಿಲ್ಲ. ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ ಎನ್ನುವುದು ಶಸ್ತ್ರಚಿಕಿತ್ಸೆಗೆ ಕಾರಣವಲ್ಲ.

ಕಾಲು ನಾಯಿಗೆ ಹೊರೆಯಾಗುವುದು ಬೇರೆ ಬಗೆಯಲ್ಲಿ. ಟಾರು ರಸ್ತೆ, ಸಿಮೆಂಟ್ ಅಂಗಳದ ಮೇಲೆ ಎಳೆದ ಪಂಜದ ಚರ್ಮ ಕೆಲವೇ ದಿನಗಳಲ್ಲಿ ಸವೆಯುತ್ತದೆ. ನೋವೇ ಗೊತ್ತಾಗದ ಕಾರಣ ನಾಯಿ ಎಳೆಯುತ್ತಲೇ ಇರುತ್ತದೆ, ಬೆರಳ ಕೀಲು ಹೊರಕಾಣುವವರೆಗೂ. ಮಳೆಗಾಲದಲ್ಲಿ ಆ ಗಾಯಕ್ಕೆ ನೊಣ ಕೂತು ಹುಳು ಬೀಳುತ್ತದೆ. ಹಳ್ಳಿಗಳಲ್ಲಿ ಎಷ್ಟೋ ನಾಯಿಗಳನ್ನು ಕೊಲ್ಲುವುದು ಆ ಹುಳುವೇ. ಇನ್ನೊಂದು, ಅರ್ಧಂಬರ್ಧ ಕೆಲಸ ಮಾಡುವ ನರ ಜುಮುಜುಮು, ಉರಿ ಹುಟ್ಟಿಸುತ್ತದೆ. ನಾಯಿ ತನ್ನ ಬೆರಳನ್ನೇ ಜಗಿಯತೊಡಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಉಗುರು ಇಲ್ಲ, ಮರುದಿನ ಬೆರಳ ತುದಿ ಇಲ್ಲ. ಮಣಿಯ ವಿಷಯದಲ್ಲಿ ಆದದ್ದು ಇದೇ. ಬೂಟು ಹಾಕಿ, ಬಟ್ಟೆ ಸುತ್ತಿ ನೋಡಿಕೊಳ್ಳೋಣ ಎಂದಿದ್ದ ದೊಡ್ಡಮ್ಮ, ಜಗಿದ ಬೆರಳು ಕಂಡ ದಿನ ‘ಇನ್ನು ಬೇಡ ಡಾಕ್ಟ್ರೇ, ತೆಗೆದುಬಿಡಿ’ ಅಂದರು.

ಇನ್ನುಳಿದ ಮೂರು ಕಾಲು

ನಿಂತ ನಾಯಿಯ ಮೈಭಾರದ ಸುಮಾರು 60 ಭಾಗ ಮುಂಗಾಲುಗಳ ಮೇಲೆ, 40 ಭಾಗ ಹಿಂಗಾಲುಗಳ ಮೇಲೆ. ಆದ್ದರಿಂದ ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿ ಹೊಂದಿಕೊಳ್ಳಲು ಹೆಚ್ಚು ಶ್ರಮಪಡುತ್ತದೆ. ಎಡ ಮುಂಗಾಲು ಹೋದರೆ ಬಲ ಮುಂಗಾಲು ಹೆಚ್ಚುಕಡಿಮೆ ಎರಡು ಕಾಲಿನ ಕೆಲಸ ಮಾಡಬೇಕು. ಜೊತೆಗೆ ಭಾರ ಹಿಂದಕ್ಕೆ ವಾಲುವುದರಿಂದ ಹಿಂಗಾಲುಗಳಿಗೂ ಬೆನ್ನಿಗೂ ಹೊಸ ಕೆಲಸ ಬೀಳುತ್ತದೆ.

ಹಾಗಾದರೆ ವೈದ್ಯರಿಂದ ಮಾಡಿಸಬೇಕಾದ ಪರೀಕ್ಷೆ ಯಾವುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳ ಸೊಂಟದ ಕೀಲು ಮರಿಯಾಗಿ ಬೆಳೆಯುವಾಗಲೇ ಸಡಿಲವಾಗುವುದು ಸಾಮಾನ್ಯ, ವಯಸ್ಸಾದಂತೆ ಅದು ಸಂಧಿವಾತಕ್ಕೆ ತಿರುಗುತ್ತದೆ. ಮಂಡಿಯ ಒಳಗಿನ ಕ್ರೂಸಿಯೇಟ್ ತಂತು ಹರಿದಿರಬಹುದು. ಎದುರು ಮುಂಗಾಲಿನ ಮೊಣಕೈ ಬಿಗಿದುಕೊಂಡಿರಬಹುದು. ಪ್ರತಿಯೊಂದು ಕೀಲನ್ನೂ ಮಡಿಚಿ ಬಿಡಿಸಿ ನೋಡಲಿ, ಅನುಮಾನವಿದ್ದ ಕಡೆ ಎಕ್ಸ್‌ರೇ ತೆಗೆಯಲಿ. ಪ್ರತಿ ಪಂಜವನ್ನೂ ಮಡಿಚಿ ನೆಲಕ್ಕಿಟ್ಟು, ನಾಯಿ ತಕ್ಷಣ ಸರಿಪಡಿಸಿಕೊಳ್ಳುತ್ತದೆಯೇ ನೋಡಲಿ. ತಡಮಾಡಿದರೆ ನರದ ತೊಂದರೆ ಬೇರೆಡೆಯೂ ಇದೆ ಎಂದರ್ಥ.

ಮನೆಯಲ್ಲೇ ಕಾಣುವ ಸಾಕ್ಷಿಯೂ ಇದೆ. ಪೆಟ್ಟು ಬೀಳುವ ಮೊದಲು ನಿಮ್ಮ ನಾಯಿ ಮೆಟ್ಟಿಲು ಹತ್ತುತ್ತಿತ್ತೇ? ಮಲಗಿದ್ದು ಏಳುವಾಗ ಮುಂಗಾಲು ಊರಿ ಹಿಂಭಾಗವನ್ನು ಕಷ್ಟಪಟ್ಟು ಎತ್ತುತ್ತಿತ್ತೇ? ಛಳಿಯ ಬೆಳಗಿನಲ್ಲಿ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತಿತ್ತೇ? ಇವನ್ನು ವೈದ್ಯರಿಗೆ ಹೇಳಬಲ್ಲವರು ನೀವು ಮಾತ್ರ. ಈಗ ನಾಯಿ ಮೂರು ಕಾಲಲ್ಲೇ ನಡೆಯುತ್ತಿದೆ ಅಲ್ಲವೇ? ಹತ್ತು ನಿಮಿಷ ನಡೆದಮೇಲೆ ಹೇಗಿರುತ್ತದೆ ಎಂದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯ ನೆಲದ ಮೇಲೆ ಹೆದರಿ ನಡೆಯುವ ಎರಡು ಹೆಜ್ಜೆಗಿಂತ ಅದು ಹೆಚ್ಚು ಹೇಳುತ್ತದೆ.

ಅನುಮಾನ ಬಗೆಹರಿಯದಿದ್ದರೆ ಇನ್ನೊಂದು ಉಪಾಯವುಂಟು. ಕೆಟ್ಟ ಕಾಲನ್ನು ಮಡಿಚಿ ಮೈಗೆ ಅಂಟುವಂತೆ ಅಗಲವಾದ ಪಟ್ಟಿಯಿಂದ ಕಟ್ಟಿ, ಸ್ವಲ್ಪ ಹೊತ್ತು ಓಡಾಡಲು ಬಿಡುವುದು. ಕಟ್ಟುವ ವಿಧಾನವನ್ನು ವೈದ್ಯರಿಂದಲೇ ಕಲಿಯಬೇಕು. ಎದೆಗೆ ಬಿಗಿದರೆ ಉಸಿರಾಟಕ್ಕೆ ತೊಂದರೆ, ಕಾಲಿಗೆ ಬಿಗಿದರೆ ರಕ್ತ ಓಡದೆ ಪಂಜ ಊದಿಕೊಳ್ಳುತ್ತದೆ. ದಿನಕ್ಕೆ ಒಂದೆರಡು ಸಲ ಸ್ವಲ್ಪ ಹೊತ್ತು ಸಾಕು. ಎಳೆಯುವ ಕಾಲು ಅಡ್ಡ ಬರದಿದ್ದಾಗ ನಾಯಿ ಹಗುರಾಗಿ ನಡೆಯುತ್ತದೆಯೋ, ಅಥವಾ ಎರಡು ಮಾರು ಹೋಗಿ ಕೂತುಬಿಡುತ್ತದೆಯೋ ಎನ್ನುವುದು ಕಣ್ಣಿಗೇ ಕಾಣುತ್ತದೆ. ಕಟ್ಟಿದ ಕಾಲಿನ ತೂಕ ಮೈಮೇಲೇ ಇರುವುದರಿಂದ ನಿಜವಾಗಿ ತೆಗೆದಮೇಲೆ ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತೂಕದ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಕಾಲು ತೆಗೆಸಿದ 64 ನಾಯಿಗಳ ಮನೆಯವರನ್ನು ವಿಚಾರಿಸಿದ್ದರು. ಅವರಲ್ಲಿ 55 ಮಂದಿ ಮತ್ತೆ ಅದೇ ಪರಿಸ್ಥಿತಿ ಬಂದರೆ ಅದೇ ನಿರ್ಧಾರ ಮಾಡುತ್ತೇವೆ ಎಂದರು. ನಾಯಿ ತಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು ಎಂದವರು 50. ಅದೇ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ತೂಕ ಮತ್ತು ಕೊಬ್ಬು ಹೆಚ್ಚಿದ್ದ ನಾಯಿಗಳ ಮುಂದಿನ ಬದುಕಿನ ಗುಣಮಟ್ಟ ಕಡಿಮೆಯಿತ್ತು. ಪಕ್ಕೆಲುಬಿನ ಮೇಲೆ ಕೈಯಾಡಿಸಿದಾಗ ಒಂದೊಂದೂ ಬೆರಳಿಗೆ ಸಿಗದಿದ್ದರೆ ನಿಮ್ಮ ನಾಯಿ ದಪ್ಪವಿದೆ. ಬಿಸ್ಕತ್ತು, ಉಳಿದ ಚಪಾತಿ, ತುಪ್ಪದ ಅನ್ನ ಇಂದೇ ನಿಲ್ಲಬೇಕು. ಅಜ್ಜಿಯರಿಗೆ ಇದು ಕ್ರೌರ್ಯವೆನಿಸುತ್ತದೆ, ಗೊತ್ತು. ಮೂರು ಕಾಲಿನ ಮೇಲೆ ನಿಲ್ಲಬೇಕಾದ ನಾಯಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ವಯಸ್ಸು ಒಂದೇ ಅಡ್ಡಿಯಲ್ಲ. ಅಡ್ಡಿಯಾಗುವುದು ಆ ವಯಸ್ಸಿನಲ್ಲಿ ಮೈಯೊಳಗೆ ಕೂತಿರಬಹುದಾದ ಕಾಯಿಲೆ. ಅರಿವಳಿಕೆಗೆ ಮೊದಲು ಮೂತ್ರಪಿಂಡದ ಕ್ರಿಯಾಟಿನಿನ್, ಯಕೃತ್ತು, ಹೃದಯದ ಬಡಿತದಲ್ಲಿ ಮರ್ಮರ ಇದೆಯೇ ಎಂಬುದು, ಎದೆಯ ಎಕ್ಸ್‌ರೇ ನೋಡಬೇಕು. ನಮ್ಮ ಕಡೆ ಇನ್ನೊಂದು ಕಡ್ಡಾಯ: ಉಣ್ಣಿ ಜ್ವರದ ಪರೀಕ್ಷೆ. ಟಿಕ್ ಫೀವರ್ ಎಂದು ಎಲ್ಲರೂ ಕರೆಯುವ ಎರ್ಲಿಕಿಯಾ ಸೋಂಕು ಎಷ್ಟೋ ನಾಯಿಗಳಲ್ಲಿ ಹೊರಗೆ ಲಕ್ಷಣ ತೋರಿಸದೆ ಕೂತಿರುತ್ತದೆ, ಪ್ಲೇಟ್‌ಲೆಟ್ ಕುಸಿದಿರುತ್ತದೆ. ಹಾಗೆ ಇರುವ ನಾಯಿಯ ಭುಜದ ದೊಡ್ಡ ರಕ್ತನಾಳಗಳನ್ನು ಕತ್ತರಿಸಲು ಹೋದರೆ ರಕ್ತ ನಿಲ್ಲುವುದು ಕಷ್ಟ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮೊದಲು ಡಾಕ್ಸಿಸೈಕ್ಲಿನ್ ಚಿಕಿತ್ಸೆ, ಆಮೇಲೆ ಕಾಲಿನ ಮಾತು.

ಶಸ್ತ್ರಚಿಕಿತ್ಸೆಯಲ್ಲಿ ಏನಾಗುತ್ತದೆ

ಪಂಜ ಮಾತ್ರ ತೆಗೆದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸ್ವಾಧೀನವಿಲ್ಲದ ಮೋಟು ಕಾಲನ್ನು ಬಿಟ್ಟರೆ ನಾಯಿ ಅದನ್ನು ನೆಲಕ್ಕೂ ಗೋಡೆಗೂ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ. ಹಾಗಾಗಿ ಮುಂಗಾಲನ್ನು ಸಾಮಾನ್ಯವಾಗಿ ಹೆಗಲ ಮೂಳೆಯ ಸಮೇತ ತೆಗೆಯುತ್ತಾರೆ. ಹೆಗಲ ಮೂಳೆ ಬಿಟ್ಟರೆ ಮಾಂಸ ಕರಗಿ ಅದರ ಏಣು ಚರ್ಮದಡಿ ಚುಚ್ಚುತ್ತಿರುತ್ತದೆ. ಹಿಂಗಾಲನ್ನು ತೊಡೆಮೂಳೆಯ ಮೇಲ್ಭಾಗದಲ್ಲಿ ಅಥವಾ ಸೊಂಟದ ಕೀಲಿನಲ್ಲಿ ಬಿಡಿಸುತ್ತಾರೆ. ಕೃತಕ ಕಾಲು ಹಾಕಿಸಬಹುದೇ ಎಂದರೆ, ಅದನ್ನು ಆಡಿಸಲು ಸ್ವಾಧೀನವಿರುವ, ಸ್ಪರ್ಶವಿರುವ ಮೋಟು ಬೇಕು. ಭುಜದಿಂದಲೇ ನರ ಸತ್ತ ಕಾಲಿಗೆ ಅದು ಹೊಂದುವುದಿಲ್ಲ.

ಮನುಷ್ಯರಂತೆ ನಾಯಿಗಳಿಗೂ ಇಲ್ಲದ ಕಾಲಿನಲ್ಲಿ ನೋವು ಕಾಡಬಹುದು. ಅದನ್ನು ತಗ್ಗಿಸಲು ನರ ಕತ್ತರಿಸುವ ಮೊದಲು ಅದಕ್ಕೇ ಬುಪಿವಕೇನ್‌ನಂಥ ಮರವಳಿಕೆ ಮದ್ದು ಚುಚ್ಚುತ್ತಾರೆ, ಮುಂದೆ ಕೆಲವು ವಾರ ಗ್ಯಾಬಪೆಂಟಿನ್ ಕೊಡುತ್ತಾರೆ. ಇದನ್ನು ಮಾಡುತ್ತೀರಾ ಎಂದು ಮುಂಚಿತವಾಗಿ ಕೇಳಲು ಸಂಕೋಚ ಬೇಡ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದನ್ನೂ ನಾಯಿಗೆ ನೀವಾಗಿ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡ ಇಲ್ಲವೇ ಯಕೃತ್ತಿನ ವೈಫಲ್ಯ ಆಗಬಹುದು. ಗ್ಯಾಬಪೆಂಟಿನ್ ಸಿರಪ್ ತರುವುದಾದರೆ ಅದರಲ್ಲಿ ಜೈಲಿಟಾಲ್ ಎಂಬ ಸಿಹಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಅದು ನಾಯಿಗೆ ವಿಷ.

ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಮೊದಲ ದಿನಗಳಲ್ಲಿ ಎದೆಯ ಕೆಳಗೆ ನೀಲಿಗಟ್ಟುವುದು, ಹೊಲಿಗೆಯ ಅಡಿ ನೀರು ತುಂಬಿ ಉಬ್ಬುವುದು ಸಾಮಾನ್ಯ. ಗಾಯ ಬಿಸಿಯಾಗಿ, ಕೀವು ಬಂದು, ನಾಯಿ ಊಟ ಬಿಟ್ಟರೆ ತೋರಿಸಬೇಕು. ನಡೆಯಲು ಹೆಚ್ಚಿನ ನಾಯಿಗಳಿಗೆ ಯಾರೂ ಕಲಿಸಬೇಕಾಗುವುದಿಲ್ಲ. ಹೆಚ್ಚು ತೊಂದರೆ ಕೊಡುವುದು ನಮ್ಮ ಮನೆಗಳ ನೆಲ. ಗ್ರಾನೈಟ್, ಟೈಲ್ಸ್, ಒರೆಸಿದ ಕಾವಿ ನೆಲದ ಮೇಲೆ ಮೂರು ಕಾಲಿನ ವಯಸ್ಸಾದ ನಾಯಿ ಜಾರಿದರೆ ಒಳ್ಳೆಯ ಕಾಲಿನ ತಂತು ಹರಿಯುತ್ತದೆ. ನಾಯಿ ಓಡಾಡುವ ದಾರಿಗುಂಟ, ಊಟದ ತಟ್ಟೆಯಿಂದ ಹಾಸಿಗೆಯವರೆಗೆ, ಬಾಗಿಲಿನಿಂದ ಮೂತ್ರಕ್ಕೆ ಹೋಗುವ ಜಾಗದವರೆಗೆ ಗೋಣಿಚೀಲ, ಹಳೆಯ ಯೋಗ ಮ್ಯಾಟ್, ರಬ್ಬರ್ ಹಾಸು ಏನಿದೆಯೋ ಅದನ್ನು ಹಾಕಿ. ಪಂಜದ ಬೆರಳ ನಡುವಿನ ಕೂದಲು ಕತ್ತರಿಸಿ, ಉಗುರು ಗಿಡ್ಡವಿರಲಿ. ಮೆಟ್ಟಿಲಿಗೆ ಅಡ್ಡ ಹಲಗೆ ಇಡಿ. ಎತ್ತುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಆಸರೆ ಕೊಡಿ. ದೊಡ್ಡಮ್ಮ ಹಜಾರದುದ್ದಕ್ಕೂ ಕೊಬ್ಬರಿ ಮೂಟೆಯ ಖಾಲಿ ಚೀಲ ಹಾಸಿದ್ದರು. ಮಣಿ ಶಸ್ತ್ರಚಿಕಿತ್ಸೆಯ ಮರುದಿನವೇ ಎದ್ದು ಅದರ ಮೇಲೆ ನಡೆಯಿತು, ಚೀಲ ಮುಗಿದ ಕಡೆ ನಿಂತುಬಿಡುತ್ತಿತ್ತು.

ಖರ್ಚು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬದಲಾಗುತ್ತದೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗವಿದೆ. ಖಾಸಗಿಯಲ್ಲಿ ಆಗದು ಎನಿಸಿದವರು ಕೈಚೆಲ್ಲುವ ಮೊದಲು ಅಲ್ಲಿ ಹೋಗಿ ವಿಚಾರಿಸಬೇಕು.

ಬೇಡ ಎನ್ನಬೇಕಾದಾಗ

ಎರಡೂ ಸೊಂಟದ ಕೀಲು ಸವೆದಿವೆ, ತೂಕ 40 ಕಿಲೋ, ಮುಂಗಾಲು ಸತ್ತಿದೆ. ಇಂಥ ನಾಯಿಯ ಕಾಲು ತೆಗೆಸಿದರೆ ಅದು ಮೂರು ಕಾಲಿನ ನಾಯಿಯಾಗುವುದಿಲ್ಲ, ಏಳಲಾರದ ನಾಯಿಯಾಗುತ್ತದೆ. ಅಲ್ಲಿ ಕಾಲನ್ನು ಉಳಿಸಿಕೊಂಡು ಪಂಜಕ್ಕೆ ಬೂಟು, ಎದೆಗೆ ಕಟ್ಟುವ ತೂಗುಪಟ್ಟಿ, ಕೀಲಿನ ನೋವಿಗೆ ವೈದ್ಯರು ಬರೆದ ಮೆಲಾಕ್ಸಿಕಾಮ್, ತೂಕ ಇಳಿಸುವುದು, ಹಿಂಗಾಲಿನ ತೊಂದರೆಯಿದ್ದರೆ ಗಾಲಿಬಂಡಿ ಇವುಗಳಿಂದ ಎಷ್ಟು ದಿನ ನೆಮ್ಮದಿ ಸಿಗುತ್ತದೆ ಎಂದು ನೋಡುವುದೇ ಸರಿ. ಅದೂ ಆಗದೆ ನೋವು ಹಿಡಿತಕ್ಕೆ ಸಿಗದಿದ್ದರೆ ದಯಾಮರಣದ ಮಾತನ್ನು ವೈದ್ಯರ ಹತ್ತಿರ ಬಾಯಿಬಿಟ್ಟು ಆಡಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಒಂದು ಅಳತೆ ಇಲ್ಲಿ ನೆರವಾಗುತ್ತದೆ. ನೋವು, ಹಸಿವು, ನೀರಿನ ಅಂಶ, ಮೈಯ ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಈ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವುದು. ಚೆನ್ನಾಗಿದ್ದಷ್ಟೂ ಹೆಚ್ಚು ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಬದುಕು ಸಹನೀಯ ಎಂದು ಲೆಕ್ಕ. ಮನೆಯ ಒಬ್ಬೊಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದ್ದು ಇನ್ನೊಬ್ಬರು ನೋಡದೆ ಬರೆದು ಆಮೇಲೆ ಹೋಲಿಸಿ ನೋಡುವುದು ಒಳ್ಳೆಯದು. ಮಾತಿನಲ್ಲಿ ‘ಚೆನ್ನಾಗೇ ಇದೆ’ ಅನ್ನುವವರು ಅಂಕ ಹಾಕುವಾಗ ಸತ್ಯ ಬರೆಯುತ್ತಾರೆ.

ಕಾಲು ತೆಗೆಸಿ ನಾಯಿ ಚೆನ್ನಾಗಿ ಓಡಾಡತೊಡಗಿದ ಮೇಲೂ ಉಳಿದ ಮೂರು ಕಾಲುಗಳ ಮೇಲಿನ ಕಣ್ಣು ತೆಗೆಯುವಂತಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ತೂಕ ಹಾಕಿಸಿ, ಕೀಲು ಪರೀಕ್ಷೆ ಮಾಡಿಸಿ. ಮುಂಗಾಲು ಹೋದ ನಾಯಿಯಾದರೆ ಉಳಿದ ಮುಂಗಾಲಿನ ಮಣಿಕಟ್ಟನ್ನು ಪಕ್ಕದಿಂದ ನೋಡಿ. ಅದು ಮೊದಲಿಗಿಂತ ನೆಲದತ್ತ ಕುಸಿದಿದ್ದರೆ, ಪಂಜ ಹೊರಕ್ಕೆ ತಿರುಗುತ್ತಿದ್ದರೆ, ನಡೆದು ಬಂದಮೇಲೆ ನಾಯಿ ಅದನ್ನೇ ನೆಕ್ಕುತ್ತಿದ್ದರೆ ಕೀಲು ಸೋಲುತ್ತಿದೆ. ಆ ವಾರವೇ ತೋರಿಸಿದರೆ ನಡಿಗೆ ಕಡಿಮೆ ಮಾಡುವುದು, ನೋವಿನ ಔಷಧಿ, ಮಣಿಕಟ್ಟಿಗೆ ಒಂದು ಆಸರೆ ಪಟ್ಟಿ ಇಷ್ಟರಲ್ಲೇ ಹಿಡಿದು ನಿಲ್ಲಿಸಬಹುದು. ತಡಮಾಡಿದರೆ ಬದಲಿಗೆ ಬಳಸಲು ಇನ್ನೊಂದು ಮುಂಗಾಲು ಅದಕ್ಕೆ ಇಲ್ಲ.